ಕುರ್ಚಿ ಹಾಯುವ ಬಾಗಿಲು

ಕಳೆದ ಮಳೆಗಾಲದಲ್ಲಿ ನನ್ನ ಅತ್ತೆಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು. ಜ್ವರ ಹೋಯಿತು. ಅದರ ಜೊತೆಗೆ ಮನೆಯೂ ಹೋಯಿತು.

ಮಳೆಗೆ ಬಿತ್ತೇ ಎಂದು ಕೇಳಬೇಡಿ. ತಾಂಡೂರಿನ ಕಲ್ಲಿನ ಗೋಡೆ, ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಗುರಮ್ಮ ಅತ್ತೆ (ಗಂಡನ ತಾಯಿ ಅಂದುಕೊಂಡೀರಿ ಮತ್ತೆ, ಈಕೆ ನನ್ನ ಅಪ್ಪನ ತಂಗಿ) ಆಸ್ಪತ್ರೆಯಿಂದ ತನ್ನ ಬಾಡಿಗೆ ಮನೆಗೆ ಮರಳಿದ ಮರುದಿನವೇ ಮಾಲೀಕ ಬಂದ. ಕೈಯಲ್ಲಿ ಒಂದು ಪಪ್ಪಾಯಿ. ಶುಗರ್ ಎಷ್ಟು, ಬಿಪಿ ಎಷ್ಟು, ಡಾಕ್ಟರ್ ಏನಂದರು ಎಂದು ವಿಚಾರಿಸಿದ. ಪರವಾಗಿಲ್ಲ, ವಯಸ್ಸಾದ ಮೇಲೆ ಒಳ್ಳೆಯ ಮನುಷ್ಯನಾಗಿದ್ದಾನೆ ಎಂದು ನಾನು ಚಹಾ ಇಡಲು ಎದ್ದೆ. ಅಷ್ಟರಲ್ಲಿ ಆತ, ದೀಪಾವಳಿಯೊಳಗೆ ಮನೆ ಖಾಲಿ ಮಾಡಿಕೊಡಿ, ರಿಪೇರಿ ಮಾಡಿಸಬೇಕು ಅಂದ. (ಆತನಿಗೆ ಬಹುವಚನ ಕೊಡಲು ನನ್ನ ಪೆನ್ನು ಒಪ್ಪುತ್ತಿಲ್ಲ. ಕ್ಷಮಿಸಿ.)

ಎಂಥ ರಿಪೇರಿ? ಗೋಡೆಗೆ ಒಂದು ಬಿರುಕಿಲ್ಲ. ಆತನ ಹೆದರಿಕೆ ಬೇರೆ. ಮುದುಕಿ ಇಲ್ಲೇ ಸತ್ತುಬಿಟ್ಟರೆ? ಸತ್ತ ನಕ್ಷತ್ರ ಸರಿಯಿಲ್ಲದಿದ್ದರೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಬೇಕು ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಆಮೇಲೆ ಬಾಡಿಗೆಗೆ ಯಾರೂ ಬರುವುದಿಲ್ಲ. ಪಪ್ಪಾಯಿ ತಂದದ್ದು ಅದಕ್ಕೆ.

ಸರಿ, ಬೇರೆ ಮನೆ ನೋಡೋಣ ಎಂದು ಅತ್ತೆಯನ್ನೂ ಕರೆದುಕೊಂಡು ನಾನೇ ಹೊರಟೆ. ತಾಂಡೂರಿನಲ್ಲಿ ನೋಡಿದೆ. ನಾನಿರುವ ಜಹೀರಾಬಾದಿನಲ್ಲಿ ನೋಡಿದೆ. ಟು-ಲೆಟ್ ಬೋರ್ಡ್ ಕಂಡಲ್ಲೆಲ್ಲ ಫೋನ್ ಮಾಡಿದೆ. ಎಷ್ಟು ಜನ ಅಂತ ಕೇಳುತ್ತಿದ್ದರು. ಒಬ್ಬರೇ ಅಂದರೆ ಖುಷಿ. ನೀರು ಉಳಿಯಿತಲ್ಲ! ವಯಸ್ಸು ಎಷ್ಟು ಅಂತ ಕೇಳುತ್ತಿದ್ದರು. ಎಪ್ಪತ್ತಾರು ಅಂದ ತಕ್ಷಣ ದನಿ ಬದಲಾಗುತ್ತಿತ್ತು. ಆಮೇಲೆ, ನಮ್ಮ ತಮ್ಮನಿಗೆ ಕೊಡುತ್ತೇವೆಂದು ಮಾತಾಗಿದೆಯಮ್ಮ, ಮರೆತೇಬಿಟ್ಟಿದ್ದೆ. ಎಷ್ಟು ಜನ ತಮ್ಮಂದಿರಿದ್ದಾರೆ ಈ ಊರಿನಲ್ಲಿ!

ಒಬ್ಬಾಕೆ ಮನೆ ತೋರಿಸಿ, ಚಹಾ ಕೊಟ್ಟು, ಈ ವರ್ಷ ಮಗಳಿಗೆ ಗಂಡು ನೋಡುತ್ತಿದ್ದೇವೆ, ಏನಾದರೂ ಆದರೆ ಒಳ್ಳೆಯದಲ್ಲ, ತಪ್ಪು ತಿಳಿಯಬೇಡಿ ಅಂದಳು. ಇನ್ನೊಬ್ಬರು ದೊಡ್ಡ ಮನಸ್ಸು ಮಾಡಿದರು. ಇರಲಿ, ಆದರೆ ಸೀರಿಯಸ್ ಆಗುವ ಮೊದಲೇ ಶಿಫ್ಟ್ ಮಾಡಿಬಿಡಬೇಕು ಎಂಬ ಷರತ್ತು.

"ಮೊದಲೇ ಅಂದ್ರ ಯಾವಾಗ್ರಿ? ಯಮ ಫೋನ್ ಮಾಡಿ ಬರ್ತಾನೇನ್ರಿ?" ಎಂದೆ. ಅವರು ಬಾಗಿಲು ಮುಂದೆ ಮಾಡಿಕೊಂಡರು.

ಅವರ ಮನೆಯ ಹಾಲ್‌ನಲ್ಲಿ ಏನಿತ್ತು ಗೊತ್ತೇ? ತೀರಿಹೋದ ಅಪ್ಪ, ಅವ್ವನ ದೊಡ್ಡ ಫೋಟೋಗಳು. ಸುತ್ತ ಮಿಣಿಮಿಣಿ ಬಲ್ಬಿನ ಹಾರ. ಸತ್ತವರು ಫೋಟೋ ಆಗಿ ಬಂದರೆ ಒಳಗೆ ಜಾಗವಿದೆ, ಹೆಣವಾಗಿ ಬಂದರೆ ಇಲ್ಲ. ಇದು ಎಲ್ಲಿಯ ನ್ಯಾಯ?

ನಮ್ಮ ಮನೆಗೇ ಬಾ ಅತ್ತೆ ಎಂದು ಕರೆದೆ. ಬ್ಯಾಡ ಅಂದಳು. ಕಾರಣ ಹೇಳಲಿಲ್ಲ. ನನಗೆ ಕೆಟ್ಟೆನಿಸಿತು, ಮುಖ ಊದಿಸಿಕೊಂಡೆ. ಅತ್ತೆ ಅದಕ್ಕೆ ಗಮನವನ್ನೇ ಕೊಡದೆ, ಬಾಡಿಗೆಯ ಸಹವಾಸ ಸಾಕು, ಒಂದು ಮನೆ ಕೊಂಡುಬಿಡೋಣ ಅಂದಳು. ಗಂಡನ ಜೊತೆ, ಗಂಡ ಹೋದ ಮೇಲೆ ಒಬ್ಬಳೇ, ತಾಂಡೂರಿನಲ್ಲಿ ತೊಗರಿಬೇಳೆ ವ್ಯಾಪಾರ ಮಾಡಿದಾಕೆ. ಮಕ್ಕಳಿಲ್ಲ. ಅಂಗಡಿ ಮಾರಿದ ದುಡ್ಡು ಹಾಗೇ ಇದೆ. ಯಾರ ಮುಂದೂ ಕೈಚಾಚಬೇಕಿಲ್ಲ.

ಜಹೀರಾಬಾದಿನ ಹೈವೇ ಪಕ್ಕ ಒಂದು ದೊಡ್ಡ ಹೋರ್ಡಿಂಗ್ ಎದ್ದಿತ್ತು. ಅರವತ್ತು ದಾಟಿದವರಿಗೆಂದೇ ವಿಲ್ಲಾಗಳು. ಚಿತ್ರದಲ್ಲಿ ಬೆಳ್ಳಿ ಕೂದಲಿನ ಗಂಡ ಹೆಂಡತಿ ಸೈಕಲ್ ಮೇಲೆ ಕೂತು ನಗುತ್ತಿದ್ದರು. (ಆ ವಯಸ್ಸಿಗೆ ಅಷ್ಟೊಂದು ಹಲ್ಲು!) ವಯಸ್ಸಾದವರಿಗೇ ಕಟ್ಟಿದ್ದಾರೆ ಅಂದಮೇಲೆ ವಯಸ್ಸು ಕೇಳಿ ಓಡಿಸುವುದಿಲ್ಲವಲ್ಲ ಎಂದು ಒಂದು ಭಾನುವಾರ ಹೋದೆವು. ಅತ್ತೆ, ನಾನು, ಕಾರು ಓಡಿಸಲು ನಮ್ಮ ಮನೆಯವರು.

ಪ್ರವೀಣ್ ಎಂಬ ಹುಡುಗ ಕೈಮುಗಿದು ಸ್ವಾಗತಿಸಿದ. ರಿಲೇಶನ್‌ಶಿಪ್ ಮ್ಯಾನೇಜರ್ ಅಂತೆ. ಒಂದೇ ವಾಕ್ಯದಲ್ಲಿ ತೆಲುಗು, ಹಿಂದಿ, ಇಂಗ್ಲಿಷು ಮೂರನ್ನೂ ಆಡುತ್ತಿದ್ದ. ಆಡಿದ್ದೆಲ್ಲ ನಮ್ಮ ಮನೆಯವರ ಮುಖ ನೋಡಿಕೊಂಡು. ಮನೆ ಕೊಳ್ಳುವಾಕೆ ಇಲ್ಲಿ ನಿಂತಿದ್ದಾಳೆ, ದುಡ್ಡು ಆಕೆಯದು, ಡ್ರೈವರ್‌ಗೆ ಏನು ವಿವರಿಸುತ್ತೀ ಮಾರಾಯ? ಎರಡು ಸಲ ಹೇಳಿದೆ. ಮೂರನೆಯ ಮಾತಿಗೆ ಮತ್ತೆ "ಸರ್" ಅಂದ.

ಶೋ ಹೌಸ್‌ನ ಮುಂದೆ ಅತ್ತೆ ನಿಂತುಬಿಟ್ಟಳು. ಚಪ್ಪಲಿ ಬಿಟ್ಟು, ಮುಂಬಾಗಿಲಿನ ಚೌಕಟ್ಟಿಗೆ ಕೈ ಇಟ್ಟು, ಈ ಕಡೆಯಿಂದ ಆ ಕಡೆಗೆ ಗೇಣು ಹಾಕಿ ಅಳೆದಳು. ಬಾಡಿಗೆ ಮನೆ ನೋಡಲು ಹೋದಲ್ಲೆಲ್ಲ ಹೀಗೇ ಮಾಡಿದ್ದಳು. ಅವಳ ಬಳಿ ಸಾಗವಾನಿಯ ದೊಡ್ಡ ಅಲಮಾರಿಯೊಂದಿದೆ, ಅದರ ಚಿಂತೆ ಇರಬೇಕು ಎಂದುಕೊಂಡೆ. ಪ್ರವೀಣನೂ ಹಾಗೇ ತಿಳಿದ. ಸೋಫಾ, ಡೈನಿಂಗ್ ಟೇಬಲ್, ಏನು ಬೇಕಾದರೂ ಆರಾಮಾಗಿ ಒಳಗೆ ಬರುತ್ತದೆ ಆಂಟಿ ಅಂದ.

ಒಳಗೆ ಎಲ್ಲವೂ ಸುಳ್ಳು. ಸೇಬು ಪ್ಲಾಸ್ಟಿಕ್ಕು. ಟಿವಿ ರಟ್ಟು. ಹಾಸಿಗೆಯ ಮೇಲೆ ನಮ್ಮ ಮನೆಯವರು ಒಂದು ಸಲ ಕಾಲು ಚಾಚಿ ನೋಡಿದರು, ಮೊಣಕಾಲಿನ ಕೆಳಗಿನದೆಲ್ಲ ಹೊರಗೆ. ಕೋಣೆ ದೊಡ್ಡದಾಗಿ ಕಾಣಲೆಂದು ಮಂಚವನ್ನೇ ಗಿಡ್ಡ ಮಾಡಿಸಿದ್ದರು. ಅಡುಗೆಮನೆಯ ಕಪಾಟಿನಲ್ಲಿ ಗಾಜಿನ ಭರಣಿ, ಅದರೊಳಗೆ ಹಳದಿ ಹಳದಿ ಬೇಳೆ. ಅತ್ತೆ ಸುಮ್ಮನಿರುತ್ತಾಳೆಯೇ? ಮುಚ್ಚಳ ತೆಗೆದು ಒಂದು ಕಾಳು ಹಲ್ಲಿಗೆ ಇಟ್ಟಳು. ಬಣ್ಣದ ಕಲ್ಲು! ಮೆಲ್ಲಗೆ ಬಾಯಿಂದ ತೆಗೆದು ಪ್ರವೀಣನ ಅಂಗೈಯಲ್ಲಿಟ್ಟಳು. ಆತನ ಮುಖ ನೋಡಬೇಕಿತ್ತು.

ಆದರೂ ಹುಡುಗ ಸೋಲಲಿಲ್ಲ. ಕಾಲು ಜಾರದ ಟೈಲ್ಸ್. ಗೋಡೆಯುದ್ದಕ್ಕೂ ಹಿಡಿಕೆ. ಮಂಚದ ಪಕ್ಕ, ಬಾತ್‌ರೂಮಿನಲ್ಲಿ ಕೆಂಪು ಬಟನ್, ಒತ್ತಿದರೆ ನರ್ಸ್ ಓಡಿ ಬರುತ್ತಾಳೆ. ಕ್ಲಿನಿಕ್, ಆಂಬುಲೆನ್ಸ್, ಬೆಳಗ್ಗೆ ಯೋಗ, ಸಂಜೆ ಭಜನೆ. ಎಲ್ಲ ಕೇಳಿಸಿಕೊಂಡ ಅತ್ತೆ ಸೋಫಾದ ಮೇಲೆ ಕೂತು ಕೇಳಿದಳು.

"ಎಲ್ಲಾ ಛಲೋ ಅದಪಾ. ನಾ ಸತ್ತರ ಹ್ಯಾಂಗ?"

ಪ್ರವೀಣ್ ನಕ್ಕ. ನೂರು ವರ್ಷ ಇರುತ್ತೀರಿ ಆಂಟಿ, ಇಲ್ಲಿ ಓನ್ಲಿ ಪಾಸಿಟಿವ್ ಮಾತು ಅಂದ. ಅತ್ತೆ ನಗಲಿಲ್ಲ. ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳಿದಳು. ಆತ ನಮ್ಮ ಮನೆಯವರನ್ನು ಪಕ್ಕಕ್ಕೆ ಕರೆದು ತೆಲುಗಿನಲ್ಲಿ ಪಿಸುಗುಟ್ಟಿದ. ಅಂಥ ಸಂದರ್ಭದಲ್ಲಿ ಎಲ್ಲವನ್ನೂ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುತ್ತದೆ ಸರ್. ಬಾಡಿಯನ್ನು ವಿಲ್ಲಾದಲ್ಲಿ ಇಡುವ ಹಾಗಿಲ್ಲ. ಕ್ಲಿನಿಕ್ಕಿನಿಂದ ಸೀದಾ ಹಿಂದಿನ ಸರ್ವಿಸ್ ಗೇಟಿನಿಂದ ಆಂಬುಲೆನ್ಸ್. ಪೂಜೆ, ಜನ, ಅಳು ಎಲ್ಲ ಹೊರಗೆ. ನೋಡಿದರೆ ಉಳಿದ ಹಿರಿಯರಿಗೆ ಡಿಪ್ರೆಶನ್ ಬರುತ್ತದಲ್ಲ ಸರ್.

ಪಾಪ, ತೆಲುಗು ಅತ್ತೆಗೆ ಕನ್ನಡದಷ್ಟೇ ಬರುತ್ತದೆಂದು ಆತನಿಗೆ ಗೊತ್ತಿರಲಿಲ್ಲ. ಆ ಗೇಟು ತೋರಿಸು ಎಂದು ಅತ್ತೆ ಎದ್ದೇಬಿಟ್ಟಳು. ಅದು ಟೂರ್‌ನಲ್ಲಿ ಇಲ್ಲ ಎಂದು ಆತ ಹಿಂದೆ ಹಿಂದೆ ಓಡಿದ. ಕ್ಲಬ್ ಹೌಸಿನ ಹಿಂದೆ ಒಂದು ತಗಡಿನ ಗೇಟು. ಪಕ್ಕದಲ್ಲಿ ಕಸದ ಡ್ರಮ್ಮುಗಳ ಸಾಲು, ನೊಣ. ಶೌಚದ ಗುಂಡಿ ಖಾಲಿ ಮಾಡುವ ಟ್ಯಾಂಕರ್ ಹಿಮ್ಮುಖವಾಗಿ ಒಳಗೆ ಬರುತ್ತಿತ್ತು. ಅತ್ತೆ ಸೆರಗನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ವ್ಯಾಪಾರಕ್ಕಂತ ಎಷ್ಟೋ ಮಂದಿ ಮನಿಗೆ ಹೋಗೀನಿ. ಯಾರ ಮನಿ ಹಿಂದಿನ ಬಾಗಲಿಂದನೂ ಹೊರಗ ಬಂದಿಲ್ಲ. ಹೆಣ ಆದ ಮ್ಯಾಗ ಬರಲೇನು?"

ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ. ಮುದುಕರ ದುಡ್ಡು ಮುಂದಿನ ಗೇಟಿನಿಂದ, ಮುದುಕರ ಹೆಣ ಕಸದ ಗೇಟಿನಿಂದ, ಇದೇ ಏನು ನಿಮ್ಮ ಪಾಸಿಟಿವ್? ಸಾವು ಕಂಡರೆ ಮುದುಕರಿಗೆ ಡಿಪ್ರೆಶನ್ ಬರುತ್ತದಂತೆ! ಪಕ್ಕದ ಮನೆಯಾಕೆ ಬೆಳಗ್ಗೆ ಯೋಗಕ್ಕೆ ಬರಲಿಲ್ಲ, ಸಂಜೆ ಭಜನೆಗೆ ಬರಲಿಲ್ಲ, ಎಲ್ಲಿ ಹೋದಳೆಂದು ಕೇಳಿದರೆ ಯಾರೂ ಹೇಳುವುದಿಲ್ಲ, ಅದು ಡಿಪ್ರೆಶನ್ ಅಲ್ಲವೇ? ಕಂಪನಿ ಪಾಲಿಸಿ ಮೇಡಂ ಎಂದು ಪ್ರವೀಣ್ ತಲೆ ತಗ್ಗಿಸಿದ. ನಮ್ಮ ಮನೆಯವರು ನನ್ನ ರಟ್ಟೆ ಹಿಡಿದು ಕಾರಿಗೆ ಹತ್ತಿಸಿದರು.

ಕಾರಿನಲ್ಲಿ ಅತ್ತೆ ಬಾಯಿ ಬಿಟ್ಟಳು. ಆಕೆ ಬಾಗಿಲು ಅಳೆಯುತ್ತಿದ್ದುದು ಅಲಮಾರಿಗಾಗಿ ಆಗಿರಲಿಲ್ಲ. ನಮ್ಮ ಪೈಕಿ ತೀರಿಹೋದವರನ್ನು ಮಲಗಿಸುವುದಿಲ್ಲವಲ್ಲ. ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿ, ಬಂದವರೆಲ್ಲ ದರ್ಶನ ಮಾಡಿದ ಮೇಲೆ ಹಾಗೇ ಕೂತಂತೆ ಎತ್ತಿ ಮುಂಬಾಗಿಲಿನಿಂದ ಒಯ್ಯುತ್ತೇವೆ. ಆ ಕುರ್ಚಿ ಹಾಯುವಷ್ಟು ಅಗಲವಿದೆಯೇ ಎಂದು ಆಕೆ ನೋಡುತ್ತಿದ್ದಳು. ನಾಲ್ಕು ಮಂದಿ ಹಿಡಿದುಕೊಂಡು, ಓರೆ ಮಾಡದೆ, ಬಾಗಿಸದೆ. ನನ್ನ ಮನೆಗೆ ಬರಲು ಒಪ್ಪದಿದ್ದುದೂ ಅದಕ್ಕೇ. ಎರಡನೇ ಮಹಡಿ, ಇಕ್ಕಟ್ಟಿನ ಮೆಟ್ಟಿಲು.

"ನಿನ್ನ ಮೆಟ್ಟಲಾ ತಿರುಗೋ ಕಡೆ ಕುರ್ಚಿ ಹಾಯಂಗಿಲ್ಲ ಸುವರ್ಣಾ. ನಿಮಗ್ಯಾಕ ತ್ರಾಸ," ಅಂದಳು.

ಆಕೆಗೆ ಈ ಚಿಂತೆ ಎಲ್ಲಿಂದ ಹತ್ತಿತೆಂದು ನನಗೆ ಆಗ ಹೊಳೆಯಿತು. ಏಕೆಂದರೆ ಅತ್ತೆಯ ಗಂಡ ಶರಣಪ್ಪ ಮಾವನನ್ನು ಮಣ್ಣು ಮಾಡಿದ ದಿನ ನಾನೂ ಅಲ್ಲಿದ್ದೆ. ಮಾವ ಹೈದರಾಬಾದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ತರುತ್ತಿದ್ದ ಆಂಬುಲೆನ್ಸ್ ಇನ್ನೂ ದಾರಿಯಲ್ಲಿತ್ತು, ಇದೇ ಪಪ್ಪಾಯಿ ಮಾಲೀಕ ಫೋನ್ ಮಾಡಿದ್ದ. ಒಳಗೆ ತರಬೇಡಿ ಅಂದಿದ್ದ. ಅರ್ಧ ಆಯುಷ್ಯ ಬಾಡಿಗೆ ಕೊಟ್ಟ ಮನೆಯ ಗೇಟಿನ ಹೊರಗೆ, ರಸ್ತೆಯ ಅಂಚಿಗೆ ಶಾಮಿಯಾನ ಹಾಕಿ ಮಾವನನ್ನು ಕೂಡಿಸಿದೆವು. ಬೈಕಿನವರು ಹಾರ್ನ್ ಹೊಡೆದುಕೊಂಡು ಹೋದರು. ಭಜನೆಯವರು ಡಾಂಬರಿನ ಮೇಲೆ ಕೂತರು. ಅಲ್ಲಿಂದಲೇ ಯಾಲಾಲ್ ಕಡೆಯ ಅವರ ಅಣ್ಣನ ಹೊಲಕ್ಕೆ ಒಯ್ದು ಮಣ್ಣು ಮಾಡಿದೆವು. ಮಾಲೀಕನೂ ಬಂದಿದ್ದ, ದೊಡ್ಡ ಹಾರ ತಂದು ಹಾಕಿ ಕಣ್ಣೊರೆಸಿಕೊಂಡ. ಮರುತಿಂಗಳು ಬಾಡಿಗೆ ಕೇಳಲು ಮಾತ್ರ ಸೀದಾ ಒಳಗೇ ಬಂದ.

ಅತ್ತೆ ಅದನ್ನು ಇಷ್ಟು ವರ್ಷ ಒಂದು ಸಲವೂ ಆಡಿರಲಿಲ್ಲ. ಅಂಗಡಿ ಎದುರಿಗೇ ಇತ್ತು, ಅನ್ನ ಅಲ್ಲಿತ್ತು, ಸುಮ್ಮನಿದ್ದಳು. ಒಳಗೆ ಮಾತ್ರ ಒಂದು ಹಟ ಬೆಳೆಯುತ್ತಿತ್ತು. ನನ್ನ ಮನೆ, ನನ್ನ ಪಡಸಾಲೆ, ನನ್ನ ಮುಂಬಾಗಿಲು. ಇಷ್ಟೇ. ಇದು ದೊಡ್ಡ ಆಸೆಯೇ, ಹೇಳಿ?

ಕೊನೆಗೆ ಮನೆ ಸಿಕ್ಕಿದ್ದು ನಾರಾಯಣಖೇಡದಲ್ಲಿ. ಹಳೆಯ ಓಣಿ, ಚಿಕ್ಕ ಮನೆ, ಎರಡು ಕದದ ಅಗಲವಾದ ಬಾಗಿಲು. ಮನೆಯೊಡತಿ ಮಗಳ ಊರಾದ ಬೀದರಿಗೆ ಹೊರಟಿದ್ದಳು. ಬಹಳ ದಿನದಿಂದ ಮಾರಾಟಕ್ಕಿದ್ದರೂ ಯಾರೂ ಕೊಂಡಿರಲಿಲ್ಲ. ಯಾಕೆ ಅಂತ ನಾನು ಕೇಳಿದೆ. ಬ್ರೋಕರ್ ಕೆಮ್ಮಿದ, ಕಣ್ಣು ಸನ್ನೆ ಮಾಡಿದ. ಒಡತಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ನಮ್ಮವ್ವ ಈ ಪಡಸಾಲೆಯಲ್ಲೇ ಜೀವ ಬಿಟ್ಟಳು, ನಕ್ಷತ್ರ ಸರಿಯಿರಲಿಲ್ಲ ಅಂತಾರೆ, ಬಚ್ಚಿಟ್ಟು ಮಾರುವುದು ನನ್ನಿಂದಾಗದು ಅಂದಳು.

ಅತ್ತೆ ಬಾಗಿಲ ಬಳಿ ನಿಂತಿದ್ದಳು. ಗೇಣು ಹಾಕುವುದು ಮುಗಿದಿತ್ತು.

"ಅವ್ವಗ ಯಾವ ಬಾಗಲಿಂದ ಒಯ್ದ್ರಿ?"

"ಇದೇ ಬಾಗಲಿಂದ್ರಿ. ಮತ್ತ್ಯಾವ ಬಾಗಲಿಂದ ಒಯ್ತಾರ?"

"ಆತು," ಅಂದಳು ಅತ್ತೆ. "ಮನಿ ನಂದು."

ಬ್ರೋಕರ್ ಕಕ್ಕಾಬಿಕ್ಕಿ. ಮನೆ ಮಾರಿಹೋಗದಿರಲು ಏನು ಕಾರಣವೋ ಅದನ್ನು ಕೇಳಿಯೇ ಒಬ್ಬಾಕೆ ಮನೆ ಕೊಂಡದ್ದನ್ನು ಆತ ಎಲ್ಲೂ ನೋಡಿರಲಿಕ್ಕಿಲ್ಲ. ಒಡತಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತೆಯ ಕೈ ಹಿಡಿದಳು. ಅವ್ವ ಸತ್ತ ಮನೆಯೆಂದು ಊರೆಲ್ಲ ಮುಖ ತಿರುಗಿಸಿದ್ದ ಮನೆ ಅದು.

ಈಗ ಅತ್ತೆ ಅಲ್ಲಿದ್ದಾಳೆ. ಗಟ್ಟಿಯಾಗಿದ್ದಾಳೆ. ಸಂಜೆ ಹೊಸ್ತಿಲ ಪಕ್ಕ ಕೂತು ಮನೂರಿನ ಕಡೆಗೆ ಹೋಗುವ ಆಟೋದವರನ್ನು ನಿಲ್ಲಿಸಿ ತೊಗರಿಯ ಧಾರಣೆ ವಿಚಾರಿಸುತ್ತಾಳೆ. ಬದುಕುವುದರಲ್ಲಿ ಆಕೆಗೆ ಯಾವ ಅವಸರವೂ ಇಲ್ಲ. ಸಾಯುವುದರಲ್ಲಂತೂ ಇಲ್ಲವೇ ಇಲ್ಲ.

ತಾಂಡೂರಿನ ಮನೆ ಬಿಟ್ಟ ದಿನ ಮಾಲೀಕ ಕೀಲಿ ತೆಗೆದುಕೊಳ್ಳಲು ಬಂದಿದ್ದ. ಮುಖದಲ್ಲಿ ಎಂಥ ನಿರಾಳ! ಕೂದಲೆಲ್ಲ ಬೆಳ್ಳಗಾಗಿದೆ, ಕೋಲು ಹಿಡಿದಿದ್ದಾನೆ. ಅತ್ತೆ ಕೈಮುಗಿದು ಹೊರಟಳು. ಆಕೆಯಷ್ಟು ದೊಡ್ಡ ಮನಸ್ಸು ನನಗಿಲ್ಲ. ಆತನಿಗೆ ಕನ್ನಡ ಓದಲು ಬರುತ್ತದೆ, ಈ ಪತ್ರಿಕೆಯೂ ಆತನ ಮನೆಗೆ ಹೋಗುತ್ತದೆ. ಹಾಗಾಗಿ ಇಲ್ಲೇ ಕೇಳಿಬಿಡುತ್ತೇನೆ, ಈ ಒಂದು ಸಲಕ್ಕೆ ಬಹುವಚನ ಕೊಟ್ಟು.

ಯಜಮಾನರೇ, ನಿಮ್ಮನ್ನು ಯಾವ ಬಾಗಿಲಿನಿಂದ ಒಯ್ಯಬೇಕೆಂದು ಮಕ್ಕಳಿಗೆ ಹೇಳಿಟ್ಟಿದ್ದೀರಾ?