ನಡುವೆ ನಿಂತ ನುಚ್ಚು

1986ರ ಜನವರಿಯ ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಕಚೇರಿಯಲ್ಲಿ ಮೂವರಿದ್ದೆವು: ಮಾಲೀಕ ಪಂಪನಗೌಡರು, ಭತ್ತ ಒಣಗಿಸುವ ಕಣದ ಮೇಸ್ತ್ರಿ ಹಂಪಮ್ಮ, ಬಳ್ಳಾರಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ನಾನು.

ಸಿರುಗುಪ್ಪ, ಕುರುಗೋಡು ಭಾಗದ ಇಪ್ಪತ್ತನಾಲ್ಕು ಗಿರಣಿಗಳ ಅಧ್ಯಯನವನ್ನು ಕಾಲೇಜು ನನಗೆ ಒಪ್ಪಿಸಿತ್ತು. ಭತ್ತದ ಹೊಟ್ಟು ಸುಲಿಯುವ ಹೊಸ ರಬ್ಬರ್ ರೋಲರ್ ಯಂತ್ರ ಹಾಕಿದವರ ಅಕ್ಕಿಗೆ ಬಳ್ಳಾರಿಯ ಬ್ರೂಸ್‌ಪೇಟೆ ಮಾರುಕಟ್ಟೆಯಲ್ಲಿ ಹೆಚ್ಚು ದರ ಸಿಗುತ್ತಿತ್ತು. ಅದು ಯಂತ್ರದ ಹೆಸರಿಗೆ ಸಿಗುವ ದರವೋ, ಯಂತ್ರದಿಂದ ನುಚ್ಚು ಕಡಿಮೆಯಾಗಿ ಸಿಗುವ ದರವೋ? ಹೀಗೆ ಕಾರಣಕ್ಕೂ ಫಲಕ್ಕೂ ನಡುವೆ ನಿಂತು ಪರಿಣಾಮವನ್ನು ದಾಟಿಸುವ ಅಂಶವನ್ನು ನಮ್ಮಲ್ಲಿ ಮೀಡಿಯೇಟರ್ ಎನ್ನುತ್ತಾರೆ. ಪರೀಕ್ಷೆ ಸರಳ. ನುಚ್ಚು ಸಮನಾಗಿರುವ ಗಿರಣಿಗಳನ್ನಷ್ಟೇ ಹೋಲಿಸಬೇಕು. ಆಗ ದರದ ವ್ಯತ್ಯಾಸ ಅಳಿದರೆ, ಕೆಲಸ ಮಾಡಿದ್ದು ನುಚ್ಚು.

ನನ್ನ ಲೆಕ್ಕದಲ್ಲಿ ಅಳಿಯಲಿಲ್ಲ. ವರದಿ ಓದಿದ ಗೌಡರು, ದರ ಸಿಗುವುದು ಯಂತ್ರದ ಹೆಸರಿಗೇ ಎಂದು ನಂಬಿ, ಕಣ ಮುಚ್ಚಿ, ಅಲ್ಲಿ ಹೊಸ ಯಂತ್ರವನ್ನೂ ಬಿಸಿಗಾಳಿಯ ಡ್ರೈಯರನ್ನೂ ಕೂಡಿಸಲು ತೀರ್ಮಾನಿಸಿದ್ದರು. ಹಂಪಮ್ಮ ಮತ್ತು ಹದಿಮೂರು ಹೆಣ್ಣಾಳುಗಳು ಮುಂದಿನ ವಾರದಿಂದ ಬರುವುದು ಬೇಡ ಎಂದು ತಿಳಿಸಲು ಆಕೆಯನ್ನು ಕರೆಸಿದ್ದರು.

ಹಂಪಮ್ಮ ಮೇಜಿನ ಮೇಲಿದ್ದ, ಈ ಗಿರಣಿಯವರು ನನಗೆ ಅಳೆಯಲು ಕೊಟ್ಟಿದ್ದ ಮಾದರಿ ಪೊಟ್ಟಣ ಬಿಚ್ಚಿ, ಅಕ್ಕಿಯನ್ನು ಅಂಗೈಗೆ ಸುರುವಿಕೊಂಡರು.

“ಸಾರ್, ಇದು ನುಚ್ಚು ತೆಗೆಯಾಕ ಜರಡಿ ಹಿಡಿದ ಅಕ್ಕಿ. ನಾನೇ ಹಿಡಿದೀನಿ.”

ಉಳಿದ ಗಿರಣಿಗಳಲ್ಲೂ ಹೀಗೇ ಕೊಟ್ಟಿರಬಹುದೇ ಎಂದು ಕೇಳಿದೆ.

“ಕಾಲೇಜಿನಿಂದ ಬಂದೋರ ಕೈಯಾಗ ನುಚ್ಚು ಯಾರು ಇಡ್ತಾರ್ರಿ?”

ಗೌಡರು ನಕ್ಕುಬಿಟ್ಟರು. “ಸಾರ್, ನೀವು ಇಪ್ಪತ್ನಾಕು ಮಿಲ್ಲಿನ ಮರ್ಯಾದಿ ಅಳದು ಬಂದೀರಿ, ನುಚ್ಚಲ್ಲ.”

ಮಾದರಿಯನ್ನು ಯಂತ್ರದ ಬಾಯಲ್ಲೇ ಹಿಡಿಯಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ನಾನೇ. ಹದಿನೈದು ದಿನ ತಡೆಯಲು ಕೇಳಿದೆ, ಗೌಡರು ಒಪ್ಪಿದರು.

ಬಸ್ಸು ಹತ್ತಿ ಇಳಿದು, ಎಲ್ಲ ಗಿರಣಿಗಳಲ್ಲೂ ಈ ಸಲ ಯಂತ್ರದ ಬಾಯಲ್ಲಿ ನಾನೇ ಅಕ್ಕಿ ಹಿಡಿದೆ. ನುಚ್ಚು ಸಮನಿದ್ದ ಕಡೆ ಹೊಸ ಯಂತ್ರಕ್ಕೂ ಹಳೆಯದಕ್ಕೂ ದರದಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಹಳೆಯ ಯಂತ್ರವಿದ್ದೂ ನುಚ್ಚು ಕಡಿಮೆಯಿದ್ದ ಐದು ಗಿರಣಿಗಳು, ಭತ್ತವನ್ನು ಒಂದೇ ದಿನದ ಬಿಸಿಲಿಗೆ ಕಾಯಿಸದೆ, ಕಾಳು ಬಿರುಕು ಬಿಡದಂತೆ ತಿರುವುತ್ತ ಎರಡು ದಿನ ಒಣಗಿಸುತ್ತಿದ್ದವು.

ಹದಿನಾರನೆಯ ದಿನ ಅದೇ ಕಚೇರಿಯಲ್ಲಿ ಇದನ್ನು ವಿವರಿಸಿದೆ.

“ನಾನೂ ಎರಡು ದಿನ ಕೊಡ್ರಿ ಅಂತಿದ್ದೆ,” ಎಂದರು ಹಂಪಮ್ಮ. “ಗೌಡ್ರು ಸಂಜಿಗೇ ನೆಲ್ಲು ಎತ್ತಸ್ತಿದ್ರು.”

ಗೌಡರು ಹಂಪಮ್ಮನ ಕಡೆ ತಿರುಗಿದರು. “ನಾಳಿಂದ ಎರಡು ದಿನ ಒಣಗಸವ್ವ. ನುಚ್ಚು ಇಳಿದ್ರ ಡ್ರೈಯರ್ ಮಾತ ಬ್ಯಾಡ.”

ನಡುವಿನ ಕೊಂಡಿಯನ್ನು ತಪ್ಪಾಗಿ ಅಳೆದರೆ, ಆ ಕೊಂಡಿಯೇ ಇಲ್ಲವೆಂದು ಲೆಕ್ಕ ಹೇಳುತ್ತದೆ. ಅಂದಿನಿಂದ ಸೂತ್ರಕ್ಕಿಂತ ಮೊದಲು, ಮಾದರಿ ಯಾರ ಕೈಯಿಂದ ಬಂತು ಎಂದು ವಿಚಾರಿಸುತ್ತೇನೆ. ಹಳೆಯ ವರದಿಯ ಕೊನೆಯ ಪುಟಕ್ಕೆ ಅಡ್ಡಗೀಟು ಎಳೆದು, ತಪ್ಪು ನನ್ನದೆಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿದೆ.