ಅಲ್ಲಿ ಇನ್ನೂ ಎಂಟಾಗಿರಲಿಲ್ಲ

“ಯಾಕಮ್ಮ ಅಳ್ತೀರಿ? ನಿಮ್ಮ ಮಗ ಇರೋ ದೇಶದಲ್ಲಿ ಇನ್ನೂ ಎಂಟೇ ಆಗಿಲ್ಲ ಕಣ್ರೀ!”

ಹುಣಸೂರಿನ ಹೊಗೆಸೊಪ್ಪಿನ ಮಂಡಿ ಸಾಹುಕಾರರು ಹೀಗೆಂದಾಗ ನಮ್ಮತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವರನ್ನೇ ನೋಡಿದರು. ಆಗ ಯುದ್ಧದ ಕಾಲ. ನಮ್ಮ ಯಜಮಾನರು ಈಜಿಪ್ಟಿನಲ್ಲಿ ಸಿಪಾಯಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ ರೇಡಿಯೋದಲ್ಲಿ ಮಾತಾಡುತ್ತೇನೆಂದು ಬರೆದಿದ್ದರು. ದಾರಿಯಲ್ಲಿ ಗಾಡಿಯ ಅಚ್ಚು ಮುರಿದು, ನಾವು ಸಾಹುಕಾರರ ರೇಡಿಯೋ ಮುಂದೆ ನಿಲ್ಲುವ ಹೊತ್ತಿಗೆ ಹತ್ತು ದಾಟಿತ್ತು.

“ಅಲ್ಲಿ ಹೊತ್ತು ಹುಟ್ಟೋದು ನಮಗಿಂತ ತಡ. ಅವರ ಗಡಿಯಾರ ಮೂರೂವರೆ ಗಂಟೆ ಹಿಂದೆ. ನಮಗೆ ಹನ್ನೊಂದೂವರೆ ಆದಾಗ ಅವರಿಗೆ ಎಂಟು” ಎಂದು ಸಾಹುಕಾರರು ಬೆರಳು ಮಡಿಸಿ ಲೆಕ್ಕ ಹೇಳಿದರು. ಕಳೆದುಹೋಯಿತೆಂದು ಅತ್ತಿದ್ದ ಗಂಟೆ ಇನ್ನೂ ಮುಂದೆಯೇ ಇತ್ತು! ನನಗೆ ಅಲ್ಲೇ ಕುಣಿದುಬಿಡುವಂತಾಯಿತು.

ಹನ್ನೊಂದೂವರೆಗೆ ಪೆಟ್ಟಿಗೆ ಗೊರಗೊರ ಅಂದಿತು. ಯಾರ್ಯಾರೋ ಸಿಪಾಯಿಗಳು ಮಾತಾಡಿದರು. ಆಮೇಲೆ ಅವರದೇ ದನಿ! “ಅವ್ವಾ, ಉಂಡ್ಯಾ? ಮನೇಲಿ ಎಲ್ಲಾರೂ ಉಂಡ್ರಾ?”

“ಇಲ್ಲ ಕಣ್ಲಾ ಮಗ, ನಿನ್ ಮಾತು ಕೇಳ್ದೆ ಎಂಗುಣ್ಲಿ?” ಎಂದು ಅತ್ತೆ ಪೆಟ್ಟಿಗೆಗೇ ಕೂಗಿ ಹೇಳಿದರು. ಮಂಡಿಗೆ ಮಂಡಿಯೇ ನಕ್ಕಿತು.

ನಮ್ಮ ಮನೆಯಲ್ಲಿದ್ದವರು ಅತ್ತೆ, ನಾನು, ಇಬ್ಬರೇ. ನಾಲ್ಕು ಜನರ ಮುಂದೆ ಹೆಂಡತಿಯ ಹೆಸರೆತ್ತದ ಅವರ ಆ “ಎಲ್ಲಾರೂ” ನಾನೊಬ್ಬಳೇ. ಅವರು ಊರಿಗೆ ಬರುವವರೆಗೂ ದಿನಾ ಹನ್ನೊಂದೂವರೆಯ ಹೊತ್ತಿಗೆ, ಅಲ್ಲಿ ಎಂಟಾಯಿತು ಅಂದುಕೊಂಡು, “ಉಂಡೆ ಕಣ್ರೀ” ಎಂದು ಒಲೆಯ ಮುಂದೆ ಮೆಲ್ಲಗೆ ಹೇಳುತ್ತಿದ್ದೆ.