ಎದುರುಮನೆಯ ಆಮೀನ್

ಕಳೆದ ವಾರ ಮೈಸೂರಿನ ತಂಗಿ ಮನೆಯಲ್ಲಿ ಕೂಸಿಗೆ ನೀರು ಹಾಕಿ, ಕೂದಲು ಆರಲೆಂದು ಲೋಬಾನದ ಹೊಗೆ ಹಿಡಿಯುತ್ತಿದ್ದರು. ಆ ವಾಸನೆಗೆ, ಒಮಾನ್‌ನ ದಾರ್ಸೈಟ್‌ನಲ್ಲಿದ್ದಾಗ ನಮ್ಮ ಮಗಳಿಗೂ ಹೀಗೇ ಹೊಗೆ ಹಿಡಿಯುತ್ತಿದ್ದ ಎದುರುಮನೆಯ ಆಂಟಿ ನೆನಪಾದರು...

ಎರಡು ಸಾವಿರದ ಮೂರು, ನಾಲ್ಕರ ಮಾತು. ನಾನೂ ಹೆಂಡತಿಯೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಏಳಕ್ಕೆ ಮಗಳನ್ನು ಆಂಟಿಯ ಕೈಗೆ ಕೊಟ್ಟರೆ ಮತ್ತೆ ನೋಡುವುದು ಸಂಜೆಯೇ. ಅವರು ಮಂಗಳೂರು ಕಡೆಯ ಕ್ರೈಸ್ತರು, ಮಕ್ಕಳಿರಲಿಲ್ಲ. ಗಂಡ ಮತ್ರಾ ಬಂದರಿನಲ್ಲಿ ಕೆಲಸಕ್ಕಿದ್ದರು. ಎರಡು ವರ್ಷ ನಮ್ಮ ಮಗಳು ಅಲ್ಲೇ ಗಂಜಿ ತಿಂದು, ಅಲ್ಲೇ ನಿದ್ದೆ ಮಾಡಿ ಬೆಳೆದಳು. ರಜೆಯ ಶುಕ್ರವಾರವೂ ಅವರ ಬಾಗಿಲನ್ನೇ ಬಡಿಯುತ್ತಿದ್ದಳು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಆ ವರ್ಷ ಅಮ್ಮ ಮೈಸೂರಿನಿಂದ ಬಂದಿದ್ದಳು. ಒಂದು ಸಂಜೆ ದೀಪ ಹಚ್ಚಿ, ಮೊಮ್ಮಗಳ ಕೈ ಜೋಡಿಸಿ ಶ್ಲೋಕ ಹೇಳಿದಳು. ಮುಗಿಯುತ್ತಿದ್ದಂತೆ ಮಗು ಗಟ್ಟಿಯಾಗಿ "ಆಮೀನ್" ಎಂದಿತು.

"ಇದೇನೋ ಇದು? ಯಾರೋ ಕಲಿಸಿದ್ದು?" ಅಮ್ಮ ಎದುರುಮನೆಯ ಕಡೆ ನೋಡಿದಳು. ನಾನೂ ನೋಡಿದೆ.

ಮಾರನೆಯ ಬೆಳಿಗ್ಗೆ ಬಾಗಿಲಲ್ಲೇ ನಿಂತು, ನಿಮ್ಮ ಪ್ರಾರ್ಥನೆಯನ್ನೆಲ್ಲ ಮಗುವಿಗೆ ಕಲಿಸಬೇಡಿ ಎಂದೆ.

"ನಾನು ಹೇಳಿಕೊಟ್ಟದ್ದಲ್ಲ ಮಾರಾಯ್ರೇ," ಎಂದರು ಆಂಟಿ. ನನ್ನ ಮುಖ ನೋಡಿ, ಸಮಾಧಾನ ಮಾಡುವವರ ಹಾಗೆ ಮುಂದುವರಿಸಿದರು. "ಅದು ನಮ್ಮದು ಮಾತ್ರ ಅಲ್ಲ. ಯಹೂದಿಗಳ ಹೀಬ್ರೂ ಶಬ್ದ ಅಂತ ನನ್ನ ಅಣ್ಣ ಹೇಳ್ತಾರೆ, ಅವರು ಪಾದ್ರಿ. ಗಟ್ಟಿ, ಅಲ್ಲಾಡದ್ದು ಅಂತ ಅದರ ಬೇರು. ನಂಬಿಕೆ, ನಿಜ, ಹಾಗೇ ಆಗಲಿ, ಎಲ್ಲ ಅದರಿಂದಲೇ ಬಂದದ್ದಂತೆ. ಮಗುವನ್ನು ಎತ್ತಿ ಸಾಕುವವಳಿಗೂ ಅದೇ ಬೇರಿನ ಹೆಸರು ಉಂಟಂತೆ."

ಇಷ್ಟೆಲ್ಲ ತಿಳಿದವರು ಕಲಿಸದೆ ಇರುತ್ತಾರೆಯೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂದುಕೊಂಡೆ. ಅಂದೇ ಮಗಳನ್ನು ಪಕ್ಕದ ರೂವಿ ಬಡಾವಣೆಯ ಪ್ಲೇ ಸ್ಕೂಲಿಗೆ ಸೇರಿಸಿದೆ.

ವಾರಗಟ್ಟಲೆ ಅವಳು ಎದುರುಮನೆಯ ಬಾಗಿಲು ಬಡಿದು ಅತ್ತಳು. ಆಂಟಿ ಒಳಗೇ ಇರುತ್ತಿದ್ದರು, ತೆರೆಯುತ್ತಿರಲಿಲ್ಲ. ತೆರೆದರೆ ಮಗು ಒಳಗೆ ಓಡುತ್ತದೆ, ನನಗೆ ಅದು ಬೇಡ ಎಂಬುದು ಅವರಿಗೆ ಗೊತ್ತಿತ್ತು.

ಅಮ್ಮ ಊರಿಗೆ ಹಿಂತಿರುಗಿದ ಮೇಲೆ, ಒಂದು ಶುಕ್ರವಾರ ನಮ್ಮ ಒಮಾನಿ ಮ್ಯಾನೇಜರ್ ಫೋನ್ ಮಾಡಿದರು. ತಾಯಿ ಸುಖವಾಗಿ ತಲುಪಿದರೇ ಎಂದು ವಿಚಾರಿಸಿ, ದೇವರು ಅವರಿಗೆ ಆಯುಸ್ಸು ಕೊಡಲಿ ಎಂದರು. "ಆಮೀನ್, ಆಮೀನ್" ಎಂದೆ. ನೆಲದ ಮೇಲೆ ಆಡುತ್ತಿದ್ದ ಮಗಳು ಆಟಿಕೆ ಬಿಟ್ಟು, ಕೈ ಜೋಡಿಸಿ, "ಆಮೀನ್" ಎಂದಳು.

ಅಡುಗೆಮನೆಯಿಂದ ಹೆಂಡತಿ ಬಂದು ನಿಂತಳು. "ಫೋನಲ್ಲಿ ದಿನಾ ಹತ್ತು ಸಲ ಅಂತೀರ ರೀ. ನಿಮಗೇ ಗೊತ್ತಾಗಲ್ಲ."

ಆಫೀಸಿನ ಅರಬ್ಬರಿಂದ ಕಲಿತ ಖಲಾಸ್, ಯಲ್ಲಾಗಳ ಜೊತೆ ಅದೂ ಯಾವಾಗಲೋ ನನ್ನ ಬಾಯಿಗೆ ಹತ್ತಿತ್ತು. ಫೋನ್ ಇಟ್ಟವನೇ ಎದುರುಮನೆಯ ಬಾಗಿಲು ತಟ್ಟಿದೆ. ತೆರೆದವರು ಯಾರೋ ಮಲಯಾಳಿಗಳು. ಗಂಡನ ಕಾಂಟ್ರಾಕ್ಟ್ ಮುಗಿದು ಆಂಟಿ ಊರಿಗೆ ಹೋಗಿ ಹದಿನೈದು ದಿನವಾಗಿತ್ತಂತೆ. ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದ ನನಗೆ ಅವರು ಮನೆ ಖಾಲಿ ಮಾಡಿದ್ದೂ ತಿಳಿದಿರಲಿಲ್ಲ. ಊರಿನ ವಿಳಾಸ ಯಾರಲ್ಲೂ ಇರಲಿಲ್ಲ...

ಆಂಟಿ ಈಗ ಇದ್ದಾರೋ ಇಲ್ಲವೋ. ಕ್ಷಮಿಸಿ ಎಂಬ ಒಂದು ಮಾತು ನನ್ನಲ್ಲೇ ಉಳಿಯಿತು.

ಮೊನ್ನೆ ಮಗಳು ಫೋನ್ ಮಾಡಿದಾಗ ಕೇಳಿದೆ, ಚಿಕ್ಕವಳಿದ್ದಾಗ ನಿನ್ನನ್ನು ಯಾರು ನೋಡಿಕೊಳ್ಳುತ್ತಿದ್ದರು, ನೆನಪಿದೆಯಾ?

"ಪ್ಲೇ ಸ್ಕೂಲ್ ಅಲ್ವಾ ಅಪ್ಪಾ?" ಎಂದಳು.

ಇಷ್ಟು ವರ್ಷವೂ ನಾವು ಅವಳಿಗೆ ಹೇಳಿದ್ದು ಅದನ್ನೇ.